ಪಕ್ಕದಲ್ಲಿ ಟವರ್ ಬರುತ್ತಿದೆಯಾ? ಎಷ್ಟು ಎತ್ತರ ಅಂತ ಆಮೇಲೆ ಕೇಳಿ, ಎಷ್ಟು ಆಳ ಅಂತ ಮೊದಲು ಕೇಳಿ

ನಿಮ್ಮ ಬೀದಿಯ ಖಾಲಿ ಜಾಗಕ್ಕೆ ಯಾರಾದರೂ ತಗಡು ಕಟ್ಟಿ, ಅದರ ಮೇಲೆ ಹಸಿರು ಮರ, ನಗುವ ಸಂಸಾರದ ಚಿತ್ರ ಅಂಟಿಸಿದ್ದರೆ ಈ ಬರಹ ನಿಮಗಾಗಿ. ನಮ್ಮಲ್ಲೂ ಹೀಗೇ ಶುರುವಾಯಿತು. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಟವರ್ ನಿಂತಿದೆ. ಸುತ್ತಲಿನ ಹಳೇ ಮನೆಗಳ ಗೋಡೆಗಳು ಬಿರುಕು ಬಿಟ್ಟಿವೆ.

ನಾನು ಟವರ್ ವಿರೋಧಿ ಅಲ್ಲ. ಜನಕ್ಕೆ ಮನೆ ಬೇಕು. ನಮ್ಮ ಬೀದಿಯ ಬಾಡಿಗೆದಾರರಲ್ಲಿ ಎಷ್ಟೋ ಜನ ಟವರ್ ಬರಲಿ ಅಂತಲೇ ಹೇಳಿದರು. ಮನೆಗಳು ಜಾಸ್ತಿಯಾದರೆ ಬಾಡಿಗೆ ಏರುವುದು ಸ್ವಲ್ಪ ನಿಲ್ಲಬಹುದು ಅನ್ನೋದು ಅವರ ಆಸೆ. ಸ್ವಂತ ಮನೆಯವರಲ್ಲಿ ಕೆಲವರು ಬೆಲೆ ಏರುತ್ತದೆ ಅಂತ ಒಳಗೊಳಗೇ ಖುಷಿಪಟ್ಟರು. ಉಳಿದವರಿಗೆ ಬಿಸಿಲು ಹೋಗುತ್ತದೆ, ರಸ್ತೆ ತುಂಬಾ ಕಾರು ನಿಲ್ಲುತ್ತವೆ, ಮೇಲಿನ ಬಾಲ್ಕನಿಯಿಂದ ನಮ್ಮ ಹಿತ್ತಲು ಕಾಣುತ್ತದೆ ಅನ್ನೋ ಚಿಂತೆ. ಯಾರ ಮಾತನ್ನೂ ತಳ್ಳಿಹಾಕುವ ಹಾಗಿಲ್ಲ.

ಬಿಲ್ಡರ್ ಕಡೆಯವರು ಕರೆದ ಸಭೆಯಲ್ಲಿ ಈ ಎತ್ತರದ ಜಗಳವೇ ನಡೆಯಿತು. ಕೊನೆಗೆ ಅವರು ಎರಡು ಮಹಡಿ ಇಳಿಸಿದರು. ಚಪ್ಪಾಳೆಯೂ ಬಿತ್ತು. ಪಾರ್ಕಿಂಗ್ ಸಾಲಲ್ಲ ಎಂಬ ಕೂಗಿಗೆ ಉತ್ತರವಾಗಿ ಒಂದು ತಳಮಹಡಿಯ ಜಾಗದಲ್ಲಿ ಮೂರು ಬಂತು. ಅದಕ್ಕೂ ಚಪ್ಪಾಳೆ! ಮೇಲೆ ಇಳಿದದ್ದು ಎಲ್ಲರಿಗೂ ಕಂಡಿತು. ಕೆಳಗೆ ಗುಂಡಿ ಆಳವಾದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಒಬ್ಬರನ್ನು ಬಿಟ್ಟು. ಸೈಟಿಗೆ ತಾಗಿಕೊಂಡೇ ಇರುವ ಮನೆಯ ಅಜ್ಜಿ ಎದ್ದು ನಿಂತು, "ನಮ್ಮ ಗೋಡೆಗೆ ಏನಾದರೂ ಆದರೆ ಯಾರಪ್ಪಾ ಜವಾಬ್ದಾರಿ?" ಎಂದು ಕೇಳಿದರು. ಎಂಜಿನಿಯರ್ ನಗುತ್ತಾ, "ಅಜ್ಜಿ, ಒಂದು ಇಟ್ಟಿಗೆ ಅಲ್ಲಾಡಿದರೂ ನಾವೇ ಸರಿ ಮಾಡಿಕೊಡ್ತೀವಿ. ಕೆಲಸ ಶುರುವಾಗೋ ಮುಂಚೆ ಪ್ರತಿ ಮನೆಯ ಫೋಟೋ ತೆಗೆಸ್ತೀವಿ" ಎಂದರು. ಆಮೇಲೆ ಸಭೆಯ ನಡಾವಳಿ ಕೈಗೆ ಬಂತು. ಅದರಲ್ಲಿ ನೆರಳು ಇತ್ತು, ಪಾರ್ಕಿಂಗ್ ಇತ್ತು. ಅಜ್ಜಿಯ ಪ್ರಶ್ನೆಯೂ ಇರಲಿಲ್ಲ, ಎಂಜಿನಿಯರ್ ಕೊಟ್ಟ ಮಾತೂ ಇರಲಿಲ್ಲ. ತಿದ್ದಿ ಕೊಡಿ ಅಂತ ಬರೆದು ಕಳಿಸಿದೆ. ಉತ್ತರ ಬರಲಿಲ್ಲ. ಫೋಟೋ ತೆಗೆಯುವವರೂ ಬರಲಿಲ್ಲ.

ಅಗೆತ ಶುರುವಾದ ಮೇಲೆ ಪಂಪು ಹಗಲು ರಾತ್ರಿ ಓಡಿತು. ಗುಂಡಿಯಲ್ಲಿ ನೀರು ನಿಲ್ಲಬಾರದು ಅಂತ ಅದನ್ನು ಎತ್ತಿ ಚರಂಡಿಗೆ ಬಿಡುತ್ತಾರೆ. ಆದರೆ ಆ ನೀರು ಗುಂಡಿಯದ್ದು ಮಾತ್ರ ಅಲ್ಲ. ನಿಮ್ಮ ಮನೆಯ ಕೆಳಗಿನ ನೀರೂ ಅದರ ಜೊತೆ ಹೋಗುತ್ತದೆ. ನೀರು ಇಳಿದಾಗ ಮಣ್ಣು ಒತ್ತಿಕೊಂಡು ಕೂರುತ್ತದೆ, ಅದರ ಮೇಲಿನ ಪಾಯವೂ ಕೂರುತ್ತದೆ. ಎಲ್ಲ ಕಡೆ ಒಂದೇ ಸಮ ಕೂತರೆ ಅಷ್ಟು ತೊಂದರೆ ಇಲ್ಲ. ಒಂದು ಮೂಲೆ ಜಾಸ್ತಿ, ಇನ್ನೊಂದು ಕಡಿಮೆ ಕೂತಾಗಲೇ ಗೋಡೆ ಹರಿಯೋದು. ಮೆತ್ತನೆ ಮಣ್ಣಿನಲ್ಲಿ ಇದರ ಪರಿಣಾಮ ಗುಂಡಿಯ ಆಳದ ಎರಡು ಮೂರು ಪಟ್ಟು ದೂರದವರೆಗೂ ಹೋಗಬಹುದು. ಹಾಗಾಗಿ ನಮ್ಮ ಮನೆ ಮೂರನೆಯದು, ನಮಗೇನೂ ಆಗಲ್ಲ ಅಂತ ಸುಮ್ನೆ ಇರಬೇಡಿ.

ಪಂಪಿನ ಪೈಪಿನಿಂದ ಬರುವ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ರಾತ್ರಿ ಇಡಿ. ತಳದಲ್ಲಿ ಕೆಸರು ನಿಂತರೆ ನೀರಿನ ಜೊತೆ ಮಣ್ಣೂ ಹೋಗುತ್ತಿರಬಹುದು. ಅದರ ಫೋಟೋ ತೆಗೆದು, ತಾರೀಕು ಹಾಕಿ, ಅವತ್ತೇ ದೂರು ಕೊಡಿ.

ನಮ್ಮ ಮನೆಯಲ್ಲಿ ಮೊದಲು ಕೈಕೊಟ್ಟದ್ದು ಬಾಗಿಲು. ಮೇಲ್ಗಡೆ ಚೌಕಟ್ಟಿಗೆ ಹಿಡಿಯತೊಡಗಿತು. ಮಳೆಗೆ ಮರ ಉಬ್ಬಿದೆ ಅನ್ನೋಣ ಅಂದರೆ ಮಳೆಗಾಲವೇ ಅಲ್ಲ. ಆಮೇಲೆ ಕಿಟಕಿಯ ಮೂಲೆಯಿಂದ ಓರೆಯಾಗಿ, ಇಟ್ಟಿಗೆ ಸಾಲು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಹೊರಟಿತು. ಗಾರೆ ಒಣಗಿ ಬರುವ ಕೂದಲೆಳೆ ಬಿರುಕು ಹೀಗಿರುವುದಿಲ್ಲ. ಓರೆ ಬಿರುಕು, ಒಂದು ತುದಿ ಅಗಲ, ಇನ್ನೊಂದು ತುದಿ ಸಣ್ಣ ಅಂದರೆ ಪಾಯ ಕೂರುತ್ತಿದೆ ಅಂತ ಅನುಮಾನ ಪಡಲೇಬೇಕು.

ಕಂಪನಿಯವರು ಬಂದು ನೋಡಿದರು. ಬಂದಾತ ಬಿರುಕಿಗೆ ಉಗುರು ತೂರಿಸಿ, "ಇದು ಹಳೇದು ಸರ್, ಒಳಗೆ ಧೂಳಿದೆ ನೋಡಿ" ಎಂದ. ಪಕ್ಕದಲ್ಲಿ ಅಷ್ಟು ದೊಡ್ಡ ಗುಂಡಿ ತೋಡುತ್ತಿದ್ದರೆ ಧೂಳು ಇಲ್ಲದ ಜಾಗ ಯಾವುದಿದೆ? ಅಜ್ಜಿಯ ಮನೆಯಲ್ಲೂ ಅದೇ ಮಾತು. ಅಲ್ಲಿ ಮೊಮ್ಮಗನ ಹುಟ್ಟುಹಬ್ಬದ ಫೋಟೋ ಕೆಲಸಕ್ಕೆ ಬಂತು. ಮಕ್ಕಳೆಲ್ಲ ನಿಂತಿದ್ದ ಗೋಡೆ ಅದೇ. ಒಂದು ಗೆರೆಯೂ ಇಲ್ಲ. ಫೋನಿನಲ್ಲಿ ತಾರೀಕೂ ಇತ್ತು, ಅಗೆತಕ್ಕಿಂತ ಮುಂಚಿನದು. ಆತ ಮಾತಾಡದೆ ಮುಂದಿನ ರೂಮಿಗೆ ಹೋದ.

ಅಷ್ಟು ಅದೃಷ್ಟ ಎಲ್ಲರಿಗೂ ಇರಲ್ಲ. ಅಗೆಯುವ ಮುಂಚೆಯೇ ಪ್ರತಿ ರೂಮು, ಪ್ರತಿ ಮೂಲೆ, ಕಾಂಪೌಂಡು, ನೆಲ ಎಲ್ಲದರ ಫೋಟೋ ತೆಗೆದಿಡಿ. ಹಳೇ ಬಿರುಕು ಇದ್ದರೆ ಪಕ್ಕದಲ್ಲಿ ಸ್ಕೇಲು ಹಿಡಿದು ತೆಗೆಯಿರಿ. ಅದರ ತುದಿಗೆ ಪೆನ್ಸಿಲ್ ಗೀಟು ಹಾಕಿ ತಾರೀಕು ಬರೆಯಿರಿ. ಬೆಳೆದರೆ ತಾನಾಗಿ ಗೊತ್ತಾಗುತ್ತದೆ. ಆಗುವುದಾದರೆ ಬೀದಿಯವರೆಲ್ಲ ಸೇರಿ ಸ್ವತಂತ್ರ ಎಂಜಿನಿಯರ್ ಒಬ್ಬರಿಂದ ವರದಿ ಮಾಡಿಸಿ. ಇಂಗ್ಲೆಂಡಿನಲ್ಲಿ 1996ರ ಕಾನೂನೊಂದಿದೆ. ನೆರೆಮನೆಯಿಂದ 3 ಮೀಟರ್ ಒಳಗೆ, ಅದರ ಪಾಯಕ್ಕಿಂತ ಆಳಕ್ಕೆ ಅಗೆಯಬೇಕಾದರೆ ಮೊದಲೇ ಲಿಖಿತ ನೋಟಿಸ್ ಕೊಡಬೇಕು. ನಿಮ್ಮಲ್ಲಿ ಇಂಥ ನಿಯಮ ಏನಿದೆ ಅಂತ ಸಭೆಗೆ ಮುಂಚೆಯೇ ವಿಚಾರಿಸಿ.

ಕೆಲಸದಿಂದ ನೆಲ ನಡುಗುತ್ತದಲ್ಲ, ಆ ಕಂಪನದ ಮಿತಿಯನ್ನೂ ಬರೆಸಿಕೊಳ್ಳಿ. ಜರ್ಮನಿಯ ಡಿಐಎನ್ 4150-3 ಮಾನದಂಡದಲ್ಲಿ, ಕಡಿಮೆ ಆವರ್ತನದ, ಅಲ್ಪಕಾಲದ ಕಂಪನಕ್ಕೆ ವಾಸದ ಮನೆಯ ಪಾಯ ಅಲುಗುವ ವೇಗ ಸೆಕೆಂಡಿಗೆ 5 ಮಿ.ಮೀ., ಸೂಕ್ಷ್ಮವಾದ ಹಳೇ ಕಟ್ಟಡಕ್ಕೆ 3 ಮಿ.ಮೀ. ಅಂತಿದೆ. ಕಂಪನ ಅಳೆಯುವ ಯಂತ್ರ ಎಲ್ಲಿ ಇಡುತ್ತಾರೆ, ಮಿತಿ ದಾಟಿದರೆ ಕೆಲಸ ನಿಲ್ಲಿಸುವವರು ಯಾರು ಅಂತ ಕೇಳಿ. "ನಮ್ಮ ತಂಡ ನೋಡಿಕೊಳ್ಳುತ್ತದೆ" ಅನ್ನೋದು ಉತ್ತರ ಅಲ್ಲ.

ಇದು ಸಣ್ಣ ಮನೆಗಳ ಗೋಳು ಮಾತ್ರ ಅಂದುಕೊಳ್ಳಬೇಡಿ. ಸ್ಯಾನ್ ಫ್ರಾನ್ಸಿಸ್ಕೋದ 58 ಮಹಡಿಯ ಮಿಲೇನಿಯಂ ಟವರ್ 2009ರಲ್ಲಿ ಮುಗಿಯಿತು. 2016ರ ಹೊತ್ತಿಗೆ ಸುಮಾರು 40 ಸೆಂ.ಮೀ. ಕೂತಿತ್ತು, ವಾಲಿಯೂ ಇತ್ತು. ಅದನ್ನು ಕಟ್ಟಿದವರು ದೂರಿದ್ದು ಪಕ್ಕದ ಸಾರಿಗೆ ನಿಲ್ದಾಣದ ಅಗೆತವನ್ನು, ಅಲ್ಲಿಂದ ಎತ್ತಿದ ನೀರನ್ನು. ನಿಲ್ದಾಣದವರು ಒಪ್ಪಲಿಲ್ಲ. ಕೋಟಿಗಟ್ಟಲೆ ಹಾಕಿದವರಿಗೇ ಈ ಪಾಡು.

ಕೊನೆಯದಾಗಿ, ಪೇಂಟಿನ ಡಬ್ಬ ಹಿಡಿದು ಬರುವವರ ಬಗ್ಗೆ ಹುಷಾರು. ಟವರ್ ಮುಗಿದ ಮೇಲೆ ಕಂಪನಿಯವರು ಎಲ್ಲರ ಮನೆಗೆ ಬಂದು, ಬಿರುಕು ಮುಚ್ಚಿ ಬಣ್ಣ ಹೊಡೆದುಕೊಡ್ತೀವಿ, ಪುಕ್ಕಟೆ, ಇಲ್ಲೊಂದು ಸಹಿ ಹಾಕಿ ಎಂದರು. ಫಾರಂನ ಹಿಂದೆ ಸಣ್ಣಕ್ಷರದಲ್ಲಿ, ಮುಂದೆ ಯಾವ ಪರಿಹಾರವನ್ನೂ ಕೇಳುವುದಿಲ್ಲ ಎಂಬ ಸಾಲಿತ್ತು. ಜೇಡಿಮಣ್ಣು ಒಂದೇ ಸಲಕ್ಕೆ ಕೂತು ಸುಮ್ಮನಾಗುವುದಿಲ್ಲ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೂರುತ್ತಲೇ ಇರುತ್ತದೆ. ಸಹಿ ಹಾಕಿದ ಮನೆಗಳಲ್ಲಿ ಕೆಲವಕ್ಕೆ ಹೊಸ ಬಣ್ಣದ ಮೇಲೆ ಅದೇ ಜಾಗದಲ್ಲಿ ಬಿರುಕು ಮತ್ತೆ ಬಂದಿದೆ. ಕಂಪನಿಯವರು ಅವರ ಫೋನ್ ಎತ್ತುತ್ತಿಲ್ಲ. ಅಜ್ಜಿಯೂ ನಾನೂ ಸಹಿ ಹಾಕಿಲ್ಲ, ನಮ್ಮ ದೂರು ಇನ್ನೂ ನಡೆಯುತ್ತಿದೆ.