ಹರಳುಗಟ್ಟಿದರೂ ಜೇನು ಶುದ್ಧವೇ: ಶಿರಸಿಯಲ್ಲಿ ಕೊಂಡ ತುಡುವೆ ಜೇನು

ಶಿರಸಿ ಪೇಟೆಯ ಚಿಕ್ಕ ಅಂಗಡಿಯೊಂದರಲ್ಲಿ ಕೊಂಡ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನುನೊಣ) ಜೇನು ಪರಿಮಳ, ರುಚಿ ಎರಡರಲ್ಲೂ ಉತ್ತಮವಾಗಿದೆ. ಸಿಹಿಯ ಹಿಂದೆಯೇ ತುಸು ಒಗರು ನಾಲಿಗೆಯ ಮೇಲೆ ಉಳಿಯುತ್ತದೆ. ಚಳಿ ಶುರುವಾದೊಡನೆ ಬಾಟಲಿಯ ತಳದಲ್ಲಿ ಸಣ್ಣ ರವೆಯಂಥ ಹರಳುಗಳು ಕಟ್ಟಿದವು. ಹೀಗಾದರೆ ಸಕ್ಕರೆ ಬೆರೆಸಿದ್ದಾರೆ ಎಂಬ ಮಾತು ಎಲ್ಲೆಡೆ ಹರಿದಾಡುತ್ತಿದೆ, ಆದರೆ ಅದು ತಪ್ಪು: ಜೇನಿನಲ್ಲಿ ಸಹಜವಾಗಿಯೇ ಇರುವ ಗ್ಲೂಕೋಸ್ ತಂಪಿನಲ್ಲಿ ಬೇರ್ಪಟ್ಟು ಹರಳಾಗುತ್ತದೆ, ಮತ್ತು ರಬ್ಬರ್ ತೋಟದ ಜೇನಿನಂತೆ ಗ್ಲೂಕೋಸ್ ಹೆಚ್ಚಿರುವ ಜೇನು ಇನ್ನೂ ಬೇಗ ಗಟ್ಟಿಯಾಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಬಾಟಲಿಯನ್ನು ಇಟ್ಟರೆ ಸಾಕು, ಮತ್ತೆ ತಿಳಿಯಾಗುತ್ತದೆ. ಒಲೆಯ ಮೇಲೆ ಕಾಯಿಸಿದರೆ ಪರಿಮಳ ಹಾಳಾಗುತ್ತದೆ.

ನೀರಿನ ಲೋಟಕ್ಕೆ ಹನಿ ಬಿಡುವ, ಬತ್ತಿಗೆ ಸವರಿ ಉರಿಸುವ ಪರೀಕ್ಷೆಗಳನ್ನೂ ನಂಬಲಾಗದು, ಏಕೆಂದರೆ ದಪ್ಪ ಸಕ್ಕರೆ ಪಾಕವೂ ಜೇನಿನಂತೆಯೇ ತಳ ಸೇರುತ್ತದೆ. ಅಕ್ಕಿಯಿಂದ ತಯಾರಿಸಿದ ಸಿರಪ್ ಬೆರೆತಿದ್ದರೆ ಪತ್ತೆ ಹಚ್ಚಲು ಪ್ರಯೋಗಾಲಯವೇ ಬೇಕು. ತುಡುವೆ ಜೇನು ತೆಳುವಾಗಿರುವುದು ದೋಷವಲ್ಲ, ಅದರಲ್ಲಿ ತೇವಾಂಶ ಸಹಜವಾಗಿಯೇ ಹೆಚ್ಚು.

ಅಂಗಡಿಯವರು ಇದನ್ನೆಲ್ಲ ತಾಳ್ಮೆಯಿಂದ ವಿವರಿಸುತ್ತಾರೆ. ಲೇಬಲ್ಲಿನಲ್ಲಿ ಮಾತ್ರ ಜೇನು ತೆಗೆದ ತಿಂಗಳು ನಮೂದಾಗಿಲ್ಲ. ಬಾಟುಲಿಸಂ ಎಂಬ, ಬ್ಯಾಕ್ಟೀರಿಯಾದ ವಿಷದಿಂದ ಬರುವ ಗಂಭೀರ ಕಾಯಿಲೆಯ ಅಪಾಯವಿರುವುದರಿಂದ 1 ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದೆಂಬ ಎಚ್ಚರಿಕೆಯನ್ನೂ ಅವರು ಅಲ್ಲಿ ಅಚ್ಚು ಹಾಕಿಸಲೇಬೇಕು.