ರೈಲು ಟಿಕೆಟ್ ಬುಕ್ ಮಾಡುವ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಬೇಕಾ, ಬೇಡ್ವಾ?

ಆನ್‌ಲೈನಲ್ಲಿ ತತ್ಕಾಲ್, ಅಂದ್ರೆ ತುರ್ತು ಪ್ರಯಾಣದ ಟಿಕೆಟ್, ಬೇಕು ಅನ್ನೋರಿಗೆ ಬೇರೆ ದಾರಿಯೇ ಇಲ್ಲ. 2025ರ ಜುಲೈ 1ರಿಂದ ಆಧಾರ್ ದೃಢೀಕರಿಸಿದ ಖಾತೆಗಷ್ಟೇ ಆನ್‌ಲೈನ್ ತತ್ಕಾಲ್, ಜುಲೈ 15ರಿಂದ ಒಟಿಪಿಯೂ ಬೇಕು. ಬೆಳಿಗ್ಗೆ 10ಕ್ಕೆ ಎಸಿ, 11ಕ್ಕೆ ಸ್ಲೀಪರ್ ಶುರುವಾಗುವಾಗ ಆಧಾರ್‌ಗೆ ಕೊಟ್ಟ ನಂಬರಿನ ಫೋನ್ ಕೈಯಲ್ಲೇ ಇರಬೇಕು. ಆ ಸಿಮ್ ಊರಲ್ಲಿರೋ ಅಪ್ಪನ ಹತ್ರ ಇದ್ದರೆ, ಒಟಿಪಿ ಕೇಳಿ ಟೈಪ್ ಮಾಡುವಷ್ಟರಲ್ಲಿ ಹುಬ್ಬಳ್ಳಿ ಗಾಡಿ ವೇಟಿಂಗ್ ಲಿಸ್ಟಿಗೆ ಬಂದಿರುತ್ತದೆ. ಮೊದಲು ನಂಬರ್ ಸರಿಮಾಡಿಸಿ.

ಜೋಡಿಸದಿದ್ದರೆ ತಿಂಗಳಿಗೆ 12 ಟಿಕೆಟ್, ಜೋಡಿಸಿದರೆ 24ರವರೆಗೆ. ಅಪರೂಪಕ್ಕೆ ಓಡಾಡುವವರಿಗೆ 12 ಧಾರಾಳ ಆಯ್ತು, ಆದರೂ ಜೋಡಿಸಿ ಅಂತಲೇ ನಾನು ಹೇಳೋದು, ತುರ್ತು ಪ್ರಯಾಣ ಯಾರಿಗೂ ತಪ್ಪಿದ್ದಲ್ಲ ಅಲ್ವಾ.

ಅಂದಹಾಗೆ, ರೈಲಿನಲ್ಲಿ ಟಿಟಿಇಗೆ ಆಧಾರೇ ತೋರಿಸಬೇಕಿಲ್ಲ. ವೋಟರ್ ಐಡಿ, ಪ್ಯಾನ್, ಡ್ರೈವಿಂಗ್ ಲೈಸೆನ್ಸ್ ಯಾವುದಾದರೂ ನಡೆಯುತ್ತದೆ. ಒಂದೇ ಟಿಕೆಟಿನಲ್ಲಿ ನಾಲ್ವರಿದ್ದರೆ ಒಬ್ಬರ ಒರಿಜಿನಲ್ ಕಾರ್ಡ್ ಸಾಕು.