ಹಳೇ ಕೋಳಿಗಳ ಜೊತೆ ಹೊಸ ಮರಿ: ಮಂಕರಿಯೋ, ಬೇರೆ ರೂಮೋ, ಜಾಲರಿಯೋ?

ಮೊದಲೇ ಹೇಳಿಬಿಡುತ್ತೇನೆ, ನನಗೆ ಸರಿಹೋಗಿದ್ದು ಹಳೇ ಗೂಡಿನೊಳಗೇ ಜಾಲರಿ ಅಡ್ಡ ಕಟ್ಟುವುದು. ಆದರೆ ಮೊದಲ ಸಲ ತಪ್ಪು ಜಾಲರಿ ತಂದು 4 ಮರಿ ಕಳೆದುಕೊಂಡೆ.

ನಮ್ಮಲ್ಲಿ 14 ನಾಟಿ ಹೇಟೆ, ಒಂದು ಹುಂಜ ಇವೆ. ಪ್ರತಿ ವರ್ಷ ಗಿರಿರಾಜ ತಳಿಯ 25 ಮರಿ ತರುತ್ತೇನೆ.

ಮರಿಗಳ ಮೇಲೆ ಮಂಕರಿ, ಅಂದರೆ ದೊಡ್ಡ ಬುಟ್ಟಿ, ಬೋರಲು ಹಾಕುವುದು ಅಮ್ಮನ ಪದ್ಧತಿ. ತಾಯಿ ಕೋಳಿ, ಎಂಟ್ಹತ್ತು ಮರಿ ಇದ್ದರೆ ಸಾಕು, ಬಲ್ಬೂ ಬೇಡ, ಕರೆಂಟೂ ಬೇಡ. ದುಡ್ಡು ಕೊಟ್ಟು ತಂದ ಮರಿಗಳಿಗೆ ತಾಯಿ ಎಲ್ಲಿಂದ ಬರಬೇಕು?

ಬೇರೆ ರೂಮು ಮೊದಲ ಮೂರು ವಾರ ಬೇಕೇ ಬೇಕು. ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ ಶಾಖ, ಆಮೇಲೆ ವಾರಕ್ಕೆ 3 ಡಿಗ್ರಿ ಕಮ್ಮಿ. ಮರಿಗಳು ಒಂದರ ಮೇಲೊಂದು ಬಿದ್ದರೆ ಚಳಿ, ದೂರ ಹೋಗಿ ಬಾಯಿ ತೆರೆದರೆ ಸೆಖೆ ಅಂತ ತಿಳಿಯಿರಿ. ಮೊದಲ ವಾರದಲ್ಲೇ ಕಣ್ಣಿಗೆ ರಾಣಿಖೇತ್ ರೋಗದ ಲಸಿಕೆ ಹನಿ ಹಾಕಿಸಿ. ಆದರೆ ಒಂದು ವರ್ಷ ಮರಿಗಳನ್ನು ಎರಡು ತಿಂಗಳು ಅಲ್ಲೇ ಬೆಳೆಸಿ ಒಂದೇ ದಿನ ಹೊರಗೆ ಬಿಟ್ಟೆ. ಮುಖವನ್ನೇ ಕಂಡಿರದ ಹಳೇ ಹೇಟೆಗಳು ಅಟ್ಟಾಡಿಸಿ ಕುಕ್ಕಿದವು. ಒಂದು ಮರಿಯ ನೆತ್ತಿಯಲ್ಲಿ ರಕ್ತ ಬಂತು, ರಕ್ತ ಕಂಡ ಮೇಲೆ ಉಳಿದವೂ ಅಲ್ಲಿಗೇ ಕುಕ್ಕಿದವು.

ಹಾಗಾಗಿ ಜಾಲರಿ. ಮೂರು ವಾರ ತುಂಬಿದ ಮೇಲೆ ಮರಿಗಳನ್ನು ಗೂಡಿನ ಒಂದು ಮೂಲೆಗೆ ತಂದು ಅಡ್ಡ ಕಟ್ಟಿದರೆ, ಎರಡೂ ಕಡೆಯವು ದಿನಾ ಒಬ್ಬರನ್ನೊಬ್ಬರು ನೋಡುತ್ತವೆ. ನಾನು ಅಗ್ಗ ಅಂತ ಬೇಲಿಗೆ ಹಾಕುವ ಎರಡಿಂಚು ಕಣ್ಣಿನ ಜಾಲರಿ ತಂದಿದ್ದೆ. ಮರಿಯ ತಲೆ ತೂರಿದರೆ ಮೈಯೂ ತೂರುತ್ತದೆ. ಆ ಕಡೆ ಹೋದದ್ದಕ್ಕೆ ವಾಪಸ್ ದಾರಿ ಗೊತ್ತಾಗಲ್ಲ, ಜಾಲರಿ ಉದ್ದಕ್ಕೂ ಕಿಚಿಕಿಚಿ ಅಂತ ಓಡಾಡುತ್ತದೆ, ಹೇಟೆಗಳು ಮೂಲೆಗೆ ತಳ್ಳಿ ಕುಕ್ಕುತ್ತವೆ. ಬೆಳಿಗ್ಗೆ ಹಾಗೆ ಎರಡು ಸಿಕ್ಕವು, ಮಾರನೇ ವಾರ ಇನ್ನೆರಡು. ಇತ್ತ ಹೇಟೆಗಳು ಕತ್ತು ತೂರಿಸಿ ಮರಿ ಫೀಡನ್ನೆಲ್ಲ ಖಾಲಿ ಮಾಡುತ್ತಿದ್ದವು. ಮೊಟ್ಟೆ ಕೋಳಿಯ ಫೀಡು ಮರಿಗೆ ಕೊಡುವ ಹಾಗೂ ಇಲ್ಲ, ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ, ಮರಿಯ ಕಿಡ್ನಿ ಹಾಳಾಗುತ್ತದೆ.

ಮತ್ತೆ ಅರ್ಧ ಇಂಚಿನ ಜಾಲರಿ ತಂದೆ. ಬೆಲೆ ಜಾಸ್ತಿ, ಅದಕ್ಕೆ ಕೆಳಗಿನ ಎರಡಡಿಗೆ ಮಾತ್ರ ಹಾಕಿ ಮೇಲೆ ಹಳೆಯದನ್ನೇ ಬಿಟ್ಟೆ. ಇಲಿ, ಮುಂಗುಸಿ ಅಗೆಯದ ಹಾಗೆ ಅರ್ಧ ಅಡಿ ಮಣ್ಣೊಳಗೆ ಹೂತೆ. ಮರಿಗಳ ಕಡೆ ಭತ್ತದ ಹೊಟ್ಟು ಒದ್ದೆಯಾಗಲು ಬಿಡಬೇಡಿ, ಹಿಕ್ಕೆಯಲ್ಲಿ ರಕ್ತ ಶುರುವಾಗುವುದು ಅಲ್ಲಿಂದಲೇ.

ಆರನೇ ವಾರ ಜಾಲರಿಯಲ್ಲಿ ಮರಿ ಮಾತ್ರ ತೂರುವಷ್ಟು ಸಂದು ಬಿಟ್ಟೆ. ಹೇಟೆ ಅಟ್ಟಿದರೆ ಮರಿ ಓಡಿ ಒಳಗೆ ಬರುತ್ತದೆ, ಹೇಟೆ ಹೊರಗೇ ಉಳಿಯುತ್ತದೆ. ದಿನವಿಡೀ ಕಾವಲು ಕೂರಲು ನನಗೆ ಬಿಡುವಿಲ್ಲ, ಇನ್ನೊಂದು ಶೆಡ್ ಕಟ್ಟಲು ದುಡ್ಡೂ ಇಲ್ಲ. ಹತ್ತು ಮರಿಗಿಂತ ಕಮ್ಮಿ, ಜೊತೆಗೆ ಕಾವಿಗೆ ಕೂತ ಹೇಟೆ ಇದ್ದವರು ಮಂಕರಿಯನ್ನೇ ಇಟ್ಟುಕೊಳ್ಳಿ. ಉಳಿದವರು ಅರ್ಧ ಇಂಚಿನದನ್ನೇ ತನ್ನಿ, ಅಂಗಡಿಗೆ ಹೋಗುವಾಗ ಟೇಪು ಒಯ್ದು ಕಣ್ಣು ಅಳೆದು ನೋಡಿ.